ಹಕ್ಕಿಜ್ವರವೂ ನಮ್ಮ ದಿನಗೂಲಿಯೂ

2025ನೆಯ ಇಸವಿ ಆಗಸ್ಟ್ ತಿಂಗಳ ಕೊನೆಯಲ್ಲಿ ದಿಲ್ಲಿಯ ಮೃಗಾಲಯದಲ್ಲಿ ಬಣ್ಣದ ಕೊಕ್ಕರೆಗಳು ಸತ್ತವು. ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುತ್ತವಲ್ಲ, ಅದೇ ಜಾತಿಯ ಹಕ್ಕಿ. ಭೋಪಾಲದಲ್ಲಿ ಪರೀಕ್ಷೆ ನಡೆದು ಅದು ಎಚ್5ಎನ್1 ಎಂಬ ಹಕ್ಕಿಜ್ವರವೆಂದು ಖಚಿತವಾಯಿತು. ಮೃಗಾಲಯದ ಬಾಗಿಲು ಹಾಕಿದರು. 2016ರ ಅಕ್ಟೋಬರಿನಲ್ಲಿಯೂ ಇದೇ ರೋಗದ ಇನ್ನೊಂದು ಬಗೆ, ಎಚ್5ಎನ್8, ಅದೇ ಬಾಗಿಲನ್ನು ಹಾಕಿಸಿತ್ತು. ಈ ರೋಗ ಇನ್ನು ಮುಂದೆಯೂ ಈ ಊರಿಗೆ ಬಂದೇ ಬರುತ್ತದೆ. ಬಂದ ದಿನ ಗಾಬರಿಯಾಗುವುದಕ್ಕಿಂತ ಈಗಲೇ ನಾಲ್ಕು ಮಾತು ಆಡಿಕೊಳ್ಳುವುದು ಲೇಸು.

“ನಮ್ಮದು ಇಡ್ಲಿ ದೋಸೆಯ ಹೋಟೆಲು, ಕೋಳಿಯ ಗೊಡವೆ ನಮಗೇಕೆ?” ಎಂದು ಕೆಲವು ಬಂಧುಗಳು ಕೇಳಬಹುದು. ನಮ್ಮವರೆಲ್ಲ ಸಸ್ಯಾಹಾರಿ ಹೋಟೆಲಿನಲ್ಲೇ ಇಲ್ಲ. ಢಾಬಾದಲ್ಲಿ, ದೊಡ್ಡ ಹೋಟೆಲುಗಳ ಅಡಿಗೆಮನೆಯಲ್ಲಿ ಕೋಳಿ ಕೊಯ್ಯುವವರು, ತೊಳೆಯುವವರು, ಗರಿ ಬಾಚಿ ಎಸೆಯುವವರು ನಮ್ಮಲ್ಲಿದ್ದಾರೆ. ಗಿರಣಿಯ ಗೆಳೆಯರ ಊಟದ ಡಬ್ಬಿಯಲ್ಲಿ ಮೊಟ್ಟೆ ಇರುತ್ತದೆ. ಊರಿನಲ್ಲಿ ಕೋಳಿ ಸಾಕಿ ಬದುಕುವ ಅಣ್ಣತಮ್ಮಂದಿರಿದ್ದಾರೆ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ, 2016ರಲ್ಲಿ ಬೀದರ ಜಿಲ್ಲೆ ಹುಮನಾಬಾದಿನ ಮೊಳಕೇರಾದಲ್ಲಿ ಈ ರೋಗ ಬಿದ್ದು ಸಾವಿರ ಸಾವಿರ ಕೋಳಿಗಳನ್ನು ಕೊಂದು ಹೂಳಬೇಕಾಯಿತು.

ರೋಗ ಹರಡುವ ಬಗೆಯನ್ನು ತಿಳಿದಿರಬೇಕು. ಬಾತು ಮೊದಲಾದ ನೀರುಹಕ್ಕಿಗಳಲ್ಲಿ ಎಷ್ಟೋ ವೇಳೆ ವಿಷಾಣು ಇದ್ದರೂ ಹಕ್ಕಿ ಗಟ್ಟಿಯಾಗಿಯೇ ಹಾರಾಡುತ್ತದೆ. ಚಳಿಗಾಲಕ್ಕೆ ಯಮುನೆಯ ಓಖ್ಲಾದಂಥ ಜಾಗಗಳಿಗೆ ಉತ್ತರದ ಹಕ್ಕಿಗಳು ಬಂದಿಳಿಯುತ್ತವೆ. ಅವುಗಳ ಹಿಕ್ಕೆಯಿಂದ ನೀರಿಗೆ, ನೀರಿನಿಂದ ಕಾಗೆಗೆ, ಕೋಳಿಗೆ ರೋಗ ದಾಟುತ್ತದೆ. ಅಲ್ಲಿಂದಾಚೆಗೆ ಅದನ್ನು ಹೊತ್ತೊಯ್ಯುವವರು ಮನುಷ್ಯರೇ. ತೊಳೆಯದ ಪಂಜರ, ಲಾರಿಯ ಚಕ್ರ, ಮೇವಿನ ಚೀಲ, ಕೆಲಸಗಾರನ ಚಪ್ಪಲಿ, ಇವಿಷ್ಟು ಸಾಕು. ಚಳಿಯಲ್ಲಿ ವಿಷಾಣು ಬಹಳ ದಿನ ಬದುಕುತ್ತದೆ. ಕೋಳಿಗೆ ತಗಲಿದರೆ ಎರಡು ಮೂರು ದಿನಗಳಲ್ಲಿ ಕೊಟ್ಟಿಗೆಯೇ ಬರಿದಾಗಬಹುದು.

ಇದು ಹಕ್ಕಿಜ್ವರವೇ ಎಂದು ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ. ಕೋಳಿಗೆ ಬರುವ ಬೇರೆ ಜಡ್ಡುಗಳೂ ಹೀಗೆಯೇ ಕಾಣುತ್ತವೆ. ಹಕ್ಕಿಯ ಗಂಟಲಿನಿಂದಲೂ ಗುದದ್ವಾರದಿಂದಲೂ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ. ಭೋಪಾಲದ ರಾಷ್ಟ್ರೀಯ ಉನ್ನತ ಸುರಕ್ಷತಾ ಪ್ರಾಣಿರೋಗ ಸಂಸ್ಥೆ ಹೌದೆಂದ ಮೇಲೆಯೇ ಸರಕಾರ ರೋಗವನ್ನು ಸಾರುತ್ತದೆ. ಆಮೇಲೆ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನು ಕೊಲ್ಲುತ್ತಾರೆ, ಹತ್ತು ಕಿಲೋಮೀಟರಿನ ತನಕ ಕಾವಲಿಡುತ್ತಾರೆ. ಇಷ್ಟೆಲ್ಲ ವ್ಯವಸ್ಥೆ ಇದ್ದರೂ ಮೊದಲ ಸತ್ತ ಹಕ್ಕಿಯನ್ನು ಯಾರೋ ಒಬ್ಬರು ನೋಡಿ ಹೇಳದೆ ಯಾವುದೂ ಶುರುವಾಗುವುದಿಲ್ಲ. ಆ ಒಬ್ಬರು ಬಹುಮಟ್ಟಿಗೆ ಕೂಲಿಯವರೇ ಆಗಿರುತ್ತಾರೆ: ಕೊಟ್ಟಿಗೆ ಗುಡಿಸುವವನು, ಪಂಜರ ಇಳಿಸುವವನು, ಉದ್ಯಾನದ ಮಾಲಿ.

ಹೀಗೆ ಹೇಳಿದವನಿಗೆ ಏನು ಸಿಗುತ್ತದೆ? 2021ರ ಜನವರಿಯನ್ನು ನೆನೆಯೋಣ. ಮಯೂರ್ ವಿಹಾರದ ಉದ್ಯಾನದಲ್ಲಿ ಕಾಗೆಗಳು ಸತ್ತವು, ಸಂಜಯ ಸರೋವರದಲ್ಲಿ ಬಾತುಗಳು ಸತ್ತವು. 9ನೆಯ ತಾರೀಖು ಗಾಜೀಪುರದ ಕೋಳಿ ಮಂಡಿಯನ್ನು ಹತ್ತು ದಿನ ಮುಚ್ಚಬೇಕೆಂದು ಅಪ್ಪಣೆಯಾಯಿತು. 11ಕ್ಕೆ ಸತ್ತ ಹಕ್ಕಿಗಳಲ್ಲಿ ರೋಗ ಖಚಿತವಾಯಿತು. 13ಕ್ಕೆ, ಆಗ ಬೇರೆ ಬೇರೆಯಾಗಿದ್ದ ಉತ್ತರ ಮತ್ತು ದಕ್ಷಿಣ ನಗರಪಾಲಿಕೆಗಳು ಕೋಳಿಮಾಂಸದ ಮಾರಾಟವನ್ನೇ ನಿಷೇಧಿಸಿದವು. ಕೋಳಿ, ಮೊಟ್ಟೆ ಬಡಿಸಿದ ಹೋಟೆಲಿನ ಮೇಲೆ ಕ್ರಮವೆಂದು ಎಚ್ಚರಿಕೆಯೂ ಬಂತು. ಮರುದಿನವೇ, ಗಾಜೀಪುರದಿಂದ ತೆಗೆದ ನೂರು ಮಾದರಿಗಳಲ್ಲಿ ರೋಗ ಇಲ್ಲವೆಂದು ತಿಳಿದು ಮಂಡಿ ತೆರೆಯಲು ದಿಲ್ಲಿ ಸರಕಾರ ಹೇಳಿತು. ಎಚ್ಚರ ವಹಿಸಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಮಂಡಿ ಮುಚ್ಚಿದ ದಿನಗಳ ಕೂಲಿಯನ್ನು ಯಾರು ಕೊಡಬೇಕು ಎಂಬ ಪ್ರಶ್ನೆಗೆ ಯಾವ ಅಪ್ಪಣೆಯಲ್ಲಿಯೂ ಉತ್ತರ ಇರುವುದಿಲ್ಲ.

ರೋಗ ತಡೆಯಲು ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆಗೆ, ಮೇವಿಗೆ ಸರಕಾರದ ಪರಿಹಾರವುಂಟು. ರೋಗದಿಂದ ತಾನೇ ಸತ್ತ ಕೋಳಿಗಿಲ್ಲ. ಆದ್ದರಿಂದ ಬೇಗ ತಿಳಿಸಿದ ಸಾಕಣೆದಾರನಿಗೆ ಲಾಭವಿದೆ. 2009ರ ಕಾನೂನಿನಂತೆ ತಿಳಿಸುವುದು ಅವನ ಕರ್ತವ್ಯವೂ ಹೌದು. ಕೂಲಿಯವನ ಲೆಕ್ಕ ಇದಕ್ಕೆ ತಿರುಗುಮುರುಗು. ಅವನು ಬಾಯಿ ಬಿಟ್ಟರೆ ಕೆಲಸ ನಿಲ್ಲುತ್ತದೆ, ಒಲೆ ಆರುತ್ತದೆ. ಹೊಟ್ಟೆಗೆ ಹೆದರಿ ಅವನು ಸತ್ತ ಕೋಳಿಯನ್ನು ಸದ್ದಿಲ್ಲದೆ ಚರಂಡಿಗೆ ಎಸೆದರೆ ಭೋಪಾಲದ ಯಂತ್ರಗಳಿಂದ ಏನು ಪ್ರಯೋಜನ? ಮುಚ್ಚಿದ ದಿನಗಳ ಕೂಲಿ ಕೊಡುವುದನ್ನು ಧರ್ಮಕಾರ್ಯವೆಂದು ಯಾರೂ ಭಾವಿಸಬೇಕಾಗಿಲ್ಲ. ರೋಗವನ್ನು ಬೇಗ ಪತ್ತೆ ಹಚ್ಚುವುದಕ್ಕೆ ತಗಲುವ ಖರ್ಚಿನಲ್ಲಿ ಅದೂ ಒಂದು ಬಾಬು.

ಪತ್ತೆ ತಡವಾದರೆ ಏನಾಗುತ್ತದೆಂಬುದನ್ನು ಜಗತ್ತು ಕಂಡಿದೆ. 1997ರಲ್ಲಿ ಹಾಂಗ್‌ಕಾಂಗಿನಲ್ಲಿ ಈ ರೋಗ ಹದಿನೆಂಟು ಜನರಿಗೆ ತಗಲಿ ಆರು ಜನ ಸತ್ತರು. 2021ರ ಜುಲೈಯಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯಲ್ಲಿ ಹರಿಯಾಣದ ಹನ್ನೊಂದು ವರ್ಷದ ಹುಡುಗನೊಬ್ಬ ತೀರಿಕೊಂಡ. ಈ ದೇಶದಲ್ಲಿ ಎಚ್5ಎನ್1ರಿಂದಾದ ಮೊದಲ ಸಾವು ಅದು. ಮನುಷ್ಯನಿಗೆ ಇದು ತಗಲುವುದು ಅಪರೂಪ. ತಗಲುವ ಭಯ ಹೆಚ್ಚಾಗಿರುವುದು ರೋಗದ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟುವವನಿಗೆ. ತಿನ್ನುವವನು ಹೆದರಬೇಕಿಲ್ಲ, ಎಪ್ಪತ್ತು ಡಿಗ್ರಿ ಶಾಖದಲ್ಲಿ ಒಳತನಕ ಬೆಂದ ಮಾಂಸದಲ್ಲಿ, ಮೊಟ್ಟೆಯಲ್ಲಿ ವಿಷಾಣು ಉಳಿಯುವುದಿಲ್ಲ.

ಆದ್ದರಿಂದ ನಾವು ಕೇಳುವುದು ಮೂರೇ ಮಾತು. ರೋಗದ ಕಾರಣ ಮಂಡಿ, ಹೋಟೆಲು ಮುಚ್ಚಿದ ದಿನಗಳಿಗೆ ಪೂರ್ತಿ ಪಗಾರ ಸಿಗಬೇಕು. ಕೋಳಿ ಕೊಯ್ಯುವವರಿಗೆ ಕೈಗವಸು, ಮುಖವಸ್ತ್ರ, ಸಾಬೂನು ಯಜಮಾನರ ಖರ್ಚಿನಲ್ಲಿ ಬರಬೇಕು. ಸತ್ತ ಹಕ್ಕಿಯ ಸುದ್ದಿ ಕೊಟ್ಟ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಕೂಡದು.

ನಮ್ಮ ಕಡೆಯ ಕೆಲಸವೂ ಇದೆ. ಸತ್ತ ಹಕ್ಕಿಯನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ಹಸಿ ಮಾಂಸದ ಹಲಗೆ, ಚೂರಿಗಳನ್ನು ಬೇರೆಯಾಗಿಟ್ಟು ತೊಳೆಯಬೇಕು. ಹಕ್ಕಿ ಮುಟ್ಟಿದ ಮೇಲೆ ಜ್ವರ ಬಂದರೆ ಆ ಸಂಗತಿಯನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಚಳಿಗಾಲ ಬರುವ ಮೊದಲು ಒಂದೊಂದು ಹೋಟೆಲಿನಲ್ಲಿಯೂ, ಗಿರಣಿಯ ಒಂದೊಂದು ಪಾಳಿಯಲ್ಲಿಯೂ ಈ ಮೂರು ಬೇಡಿಕೆಗಳನ್ನು ಓದಿ ಹೇಳಿ, ಸಹಿ ಮಾಡಿಸಿ ಸಂಘದ ಕಚೇರಿಗೆ ತಲುಪಿಸಬೇಕೆಂದು ಕಾರ್ಮಿಕ ಬಂಧುಗಳಲ್ಲಿ ನಮ್ಮ ವಿನಂತಿ.