ಶಾಯಿ ಪೆನ್ನು ಕಕ್ಕುವುದೇಕೆ?

ಬಾಲ್ ಪೆನ್ನಿನ ಕಾಲದಲ್ಲೂ ಅಕ್ಷರ ದುಂಡಗಾಗಲೆಂದು ಮಕ್ಕಳಿಗೆ ಶಾಯಿ ಪೆನ್ನು ಕೊಡಿಸುವ ಪಾಲಕರಿದ್ದಾರೆ. ಆದರೆ ಚಳಿಗಾಲದ ಬೆಳಿಗ್ಗೆ ಅದು ನೋಟ್‌ಬುಕ್ಕಿನ ಮೇಲೆ ಕಕ್ಕುತ್ತದೆ. ಬೇಸಿಗೆಯಲ್ಲಿ ಬರೆಯಲೊಲ್ಲದು, ಝಾಡಿಸಿದರೆ ಪಕ್ಕದವನ ಅಂಗಿ ನೀಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಎಲ್ಲ ಕಡೆಯೂ ಇದೇ ಕಥೆ. ಬೈಗುಳ ಮಾತ್ರ ಹುಡುಗನಿಗೆ. ನಿಜವಾಗಿ ತಪ್ಪು ಯಾರದು?

ಪೆನ್ನಿನೊಳಗೆ ಶಾಯಿಯ ಜೊತೆ ಗಾಳಿಯೂ ಇರುತ್ತದೆ. ಶಾಯಿ ಎಷ್ಟು ಹೊರಬಂತೋ ಅಷ್ಟು ಗಾಳಿ ಒಳಹೋಗಬೇಕು, ಇಲ್ಲವಾದರೆ ಹರಿವು ನಿಂತೀತು. ನಿಬ್ಬಿನ ಕೆಳಗಿನ ಕಪ್ಪು ನಾಲಿಗೆಯ ಸಣ್ಣ ಗೀರುಗಳು ಈ ಕೊಡು-ಕೊಳ್ಳುವಿಕೆಗಾಗಿಯೇ ಇವೆ. ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಇಂಥ ನಾಲಿಗೆಗೇ.

ಈಗ ಒಂದು ಲೆಕ್ಕ. ಡ್ರಾಪರಿನಿಂದ ನೇರವಾಗಿ ಶಾಯಿ ತುಂಬುವ ಪೆನ್ನಿನಲ್ಲಿ 2 ಮಿ.ಲೀ. ಗಾಳಿ ಇದೆ ಎನ್ನಿ. ಬೆಳಗಿನ 15 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿದ್ದ ಆ ಗಾಳಿ ಕೈಯ ಬಿಸಿಗೆ 30 ಡಿಗ್ರಿಗೆ ಏರಿದರೆ, ಚಾರ್ಲ್ಸ್ ನಿಯಮದಂತೆ ಶೇಕಡಾ 5ರಷ್ಟು ಹಿಗ್ಗುತ್ತದೆ. ಅಂದರೆ 0.1 ಮಿ.ಲೀ. ಶಾಯಿ, ಸುಮಾರು ಎರಡು ಹನಿ, ಹೊರಕ್ಕೆ! ಪೆನ್ನು ತುಂಬಿದ್ದು ಗಾಳಿ 0.2 ಮಿ.ಲೀ. ಮಾತ್ರ ಇದ್ದರೆ ಹೊರಬೀಳುವುದು ಇದರ ಹತ್ತನೇ ಒಂದು ಪಾಲು. ಅಷ್ಟನ್ನು ನಾಲಿಗೆಯ ಪಕ್ಕದ ಬಾಚಣಿಗೆಯಂಥ ಹಲ್ಲುಗಳೇ ಹಿಡಿದುಕೊಳ್ಳುತ್ತವೆ. ಹಲ್ಲಿಲ್ಲದ ಬೋಳು ನಾಲಿಗೆಗೆ ಆ ಶಕ್ತಿ ಕಡಿಮೆ.

ಬೇಸಿಗೆಯ ಮಾತು ಬೇರೆ. ಉಷ್ಣತೆ 40 ಡಿಗ್ರಿ ದಾಟಿದಾಗ ಹೊರಗಿನ ಗಾಳಿಯೇ ಕೈಗಿಂತ ಬಿಸಿ. ಆಗ ಕಕ್ಕುವುದು ಕಡಿಮೆ, ಒಣಗುವುದು ಹೆಚ್ಚು. ಕ್ಯಾಪಿನೊಳಗೆ ನಿಬ್ಬನ್ನು ಬಿಗಿಯಾಗಿ ಮುಚ್ಚುವ ಇನ್ನೊಂದು ಸಣ್ಣ ಬಟ್ಟಲಿದ್ದರೆ ತೇವ ಉಳಿಯುತ್ತದೆ. ಕ್ಯಾಪು ಸೀಳಿದ್ದರೆ ಎಷ್ಟು ಒಳ್ಳೆಯ ನಿಬ್ಬಿದ್ದರೂ ವ್ಯರ್ಥ.

ಆದ್ದರಿಂದ ಕೊಳ್ಳುವಾಗ ಹೊಳಪು ನೋಡಬೇಡಿ. ನಾಲಿಗೆಯ ಹಲ್ಲು ನೋಡಿ, ಕ್ಯಾಪಿನ ಒಳಗೆ ಇಣುಕಿ. ಅಂಗಡಿಯವರ ನುಣುಪು ಹಾಳೆ ಬೇಡ, ಮಗುವಿನ ನೋಟ್‌ಬುಕ್ಕಿನಲ್ಲೇ ಬರೆದು ನೋಡಿ. ಬರೀ ಸಹಿ ಸಾಲದು. ಣ, ಞ, ಋ ಬರೆಯಿರಿ. ಕನ್ನಡದ ಅಕ್ಷರ ಎಲ್ಲ ದಿಕ್ಕಿಗೂ ತಿರುಗುತ್ತದೆ. ನಿಬ್ಬಿನ ತುದಿ ದುಂಡಗಿಲ್ಲದಿದ್ದರೆ ಯಾವುದೋ ಒಂದು ತಿರುವಿನಲ್ಲಿ ಕಾಗದ ಕೆರೆದೇ ತೀರುತ್ತದೆ.

ಬಳಸುವಾಗ ಎರಡೇ ನಿಯಮ. ಅರ್ಧ ಖಾಲಿಯಾಗುತ್ತಲೇ ಮತ್ತೆ ತುಂಬಿ. ಚಳಿಯಲ್ಲಿ ಬರೆಯುವ ಮೊದಲು ನಿಬ್ಬು ಮೇಲಾಗಿ ಹಿಡಿದು ಪೆನ್ನನ್ನು ಅಂಗೈಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ. ಹಿಗ್ಗಿದ ಗಾಳಿ ಶಾಯಿಯನ್ನು ತಳ್ಳದೆ ತಾನೇ ಹೊರಹೋಗುತ್ತದೆ.

ಶಿಕ್ಷಕ ಮಿತ್ರರಿಗೂ ಒಂದು ಮಾತು. ಕಲೆ ಬಿದ್ದ ಹಾಳೆ ನೋಡಿ ಹುಡುಗನ ಕಿವಿ ಹಿಂಡುವ ಮೊದಲು ಅವನ ಪೆನ್ನು ಬಿಚ್ಚಿ ನೋಡಿ. ಅಲ್ಲಿ ಸಿಗುವುದು ಅಶಿಸ್ತಲ್ಲ, ಹಿಗ್ಗಿದ ಗಾಳಿ. ಅದೇ ಅಂದಿನ ವಿಜ್ಞಾನ ಪಾಠವಾಗಲಿ.