ಪರದೆಗಳು ಹೆಚ್ಚಾದರೆ ನಿಗಾ ಹೆಚ್ಚುತ್ತದೆಯೇ?

ಟಿವಿ ಪ್ರಸಾರದ ಮೇಲೆ ಕಣ್ಣಿಡುವ ಕಂಟ್ರೋಲ್ ರೂಮ್ ಆಧುನಿಕವಾಗುವುದೆಂದರೆ ಗೋಡೆ ತುಂಬ ಪರದೆ ಎಂದೇ ನಾವು ಅಂದುಕೊಳ್ಳುತ್ತೇವೆ. ಆದರೆ ಅಪರೂಪದ ಸಂಕೇತಕ್ಕಾಗಿ ಕಾಯುವವರ ಗಮನ ಅರ್ಧ ಗಂಟೆಯಲ್ಲೇ ಕುಸಿಯುತ್ತದೆಂದು ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲೇ ತೋರಿಸಿದ್ದರು. ಹಾಗಾಗಿ ಚಿತ್ರ ಕಪ್ಪಾದರೆ, ನಿಂತುಬಿಟ್ಟರೆ, ಧ್ವನಿ ಹೋದರೆ ಈಗ ಯಂತ್ರವೇ ಗುರುತಿಸಿ ಅಲಾರಂ ಹೊಡೆಯುತ್ತದೆ.

ಅಲಾರಂ ಅತಿಯಾದರೂ ಕಷ್ಟವೇ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ಅಪಘಾತದ ಆರಂಭದಲ್ಲಿ ನೂರಕ್ಕೂ ಹೆಚ್ಚು ಅಲಾರಂ ಮೊಳಗಿದವು; ಮುಖ್ಯವಾದದ್ದು ಯಾವುದೆಂದು ಸಿಬ್ಬಂದಿಗೆ ತಿಳಿಯಲಿಲ್ಲ. ಟಿವಿಯಲ್ಲಿ ಜೀವಕ್ಕೇನು ಅಪಾಯ ಅನ್ನಬೇಡಿ, ಚಂಡಮಾರುತದ ಎಚ್ಚರಿಕೆಯೂ ಅದರಲ್ಲೇ ಬರುತ್ತದೆ. ಒಂದು ನೆಟ್‌ವರ್ಕ್ ಸ್ವಿಚ್ ಕೆಟ್ಟರೆ ಅದನ್ನು ನೆಚ್ಚಿದ ಐವತ್ತು ವಾಹಿನಿಗಳೂ ಒಟ್ಟಿಗೆ ಕೂಗಬಹುದು. ಆ ಐವತ್ತನ್ನೂ ಒಂದುಗೂಡಿಸಿ ‘ಕೆಟ್ಟಿರುವುದು ಈ ಸ್ವಿಚ್’ ಎನ್ನುವ ತಂತ್ರಾಂಶಕ್ಕೇ ಮೊದಲು ಹಣ ಹಾಕಬೇಕು ಎನ್ನುತ್ತೇವೆ ನಾವು. ಪರದೆಗಳನ್ನು ಆಮೇಲೆ ಕೊಳ್ಳಬಹುದು.