ಹಳೇ ಅಂಗಿ ಕೊಂಡರೆ ರೈತನ ಸಾಲ ತೀರುತ್ತದೆಯೇ?



ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಅಂದರೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಕಡೆ, ಈಗ ಹಳೇ ಸಾಮಾನು ಕೊಳ್ಳುವುದು ಹೆಮ್ಮೆಯ ವಿಷಯವಾಗಿದೆ. ಒಬ್ಬರು ತೊಟ್ಟು ಬಿಟ್ಟ ಅಂಗಿ, ಒಬ್ಬರು ಓದಿ ಮುಗಿಸಿದ ಪುಸ್ತಕ, ಮನೆ ಖಾಲಿ ಮಾಡುವವರು ಬಿಟ್ಟುಹೋಗುವ ಮಂಚ, ಮಿಕ್ಸಿ ಇವನ್ನೆಲ್ಲ ಕಡಿಮೆ ಬೆಲೆಗೆ ತರುತ್ತಾರೆ. ಇದಕ್ಕೆ ‘ಥ್ರಿಫ್ಟ್’ ಅಂತ ಹೆಸರು. ಕೆಲವರು ಫೋನಿನಲ್ಲೇ ಅಂಗಡಿ ತೆರೆದಿದ್ದಾರೆ. ಭಾನುವಾರ ಚಿಕ್ಕಪೇಟೆಯ ಸಂಡೇ ಬಜಾರಿಗೆ ಹೋಗಿ ಹುಡುಕಿ ತರುವವರೂ ಉಂಟು. ಸಾವಿರ ರೂಪಾಯಿಯ ಅಂಗಿ ಇನ್ನೂರಕ್ಕೆ ಸಿಕ್ಕಿತು, ಎಂಟುನೂರು ಉಳಿಯಿತು ಅಂತ ಲೆಕ್ಕ.

ಉಳಿಸಲಿ ಸ್ವಾಮಿ, ತಪ್ಪೇನಿಲ್ಲ. ಬಿ.ಟಿ.ಎಂ. ಬಡಾವಣೆಯಲ್ಲಿ ಒಂದು ಕೋಣೆಗೆ ಬಾಡಿಗೆ ಕಟ್ಟಿ ಬದುಕುವ ಹುಡುಗರಲ್ಲಿ ನಮ್ಮ ಹಳ್ಳಿಯ ಮಕ್ಕಳೂ ಇದ್ದಾರೆ. ಅವರಿಗೆ ಇನ್ನೂರು ರೂಪಾಯಿಯ ಅಂಗಿ ದೊಡ್ಡ ಅನುಕೂಲ. ಹಳೇದನ್ನು ಬಿಸಾಡಿ ಕಸ ಮಾಡುವುದಕ್ಕಿಂತ ಇನ್ನೊಬ್ಬರು ತೊಡುವುದು ಮೇಲು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಕೂಡ ಊರೂರಿನ ನಗರಸಭೆಗಳಿಂದ ಹಳೇ ಬಟ್ಟೆ, ಪುಸ್ತಕ, ಆಟಿಕೆ ಸಂಗ್ರಹಿಸುವ ಕೇಂದ್ರಗಳನ್ನು ತೆರೆಸಿತು. ಅದನ್ನು ಬೇಡ ಅನ್ನುವ ದಡ್ಡರು ನಾವಲ್ಲ.

ನಮ್ಮ ತಕರಾರು ಬೇರೆ. ಈ ಉಳಿತಾಯದ ಮಾತು ಊರು ಬಿಟ್ಟು ಹಳ್ಳಿಗೆ ಬರುವಾಗ ಉಪದೇಶವಾಗಿ ಬರುತ್ತದೆ. “ಬೆಂಗಳೂರಿನ ಓದಿದವರೇ ಹಳೇ ಬಟ್ಟೆ ಹಾಕುತ್ತಾರೆ, ನೀವು ರೈತರು ಮದುವೆಗೆ, ಹಬ್ಬಕ್ಕೆ, ಮೊಬೈಲಿಗೆ ದುಡ್ಡು ಸುರಿದು ಸಾಲಗಾರರಾಗ್ತೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ” ಅಂತ ಸಭೆ ಮಾಡಿ ಬುದ್ಧಿ ಹೇಳುವವರಿಗೆ ಬರವಿಲ್ಲ. ಹಾಸಿಗೆಯನ್ನು ವರ್ಷವರ್ಷ ಕತ್ತರಿಸುತ್ತಾ ಬಂದವರು ಯಾರು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಮೊದಲನೆಯದಾಗಿ, ಹಳೇದನ್ನು ಬಳಸುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅಣ್ಣನ ಚಡ್ಡಿ ತಮ್ಮನಿಗೆ, ತಮ್ಮನದು ಹರಿದರೆ ಒರೆಸುವ ಬಟ್ಟೆಗೆ. ಉತ್ತರ ಕರ್ನಾಟಕದ ನಮ್ಮ ತಾಯಂದಿರು ಹಳೇ ಸೀರೆ ಪದರ ಪದರ ಸೇರಿಸಿ ಕೌದಿ ಹೊಲಿಯುತ್ತಾ ಬಂದಿದ್ದಾರೆ. ಗೊಬ್ಬರದ ಚೀಲ ಬಿಚ್ಚಿ ಹೊಲಿದರೆ ಕಣಕ್ಕೆ ಹಾಸುವ ತಾಟು. ಟೈರು ಸವೆದರೆ ಚಪ್ಪಲಿ. ಮೋಟರು, ಟ್ರ್ಯಾಕ್ಟರು ಕೂಡ ಎರಡನೇ ಕೈ, ಮೂರನೇ ಕೈ. ಜೆ.ಪಿ. ನಗರದಲ್ಲಿ ಇದಕ್ಕೆ ಇಂಗ್ಲಿಷಿನ ಹೆಸರುಂಟು. ನಮ್ಮಲ್ಲಿ ಇದಕ್ಕೆ ಬಡತನ ಅಂತಾರೆ. ಇಷ್ಟೆಲ್ಲ ಮಿತವ್ಯಯ ಮಾಡಿದ ರೈತನ ಮನೆಯಲ್ಲಿ ದುಡ್ಡು ಕೂಡಬೇಕಿತ್ತಲ್ಲ, ಯಾಕೆ ಕೂಡಲಿಲ್ಲ?

ಲೆಕ್ಕ ಹಾಕೋಣ. 2018-19ರಲ್ಲಿ ಕೇಂದ್ರ ಸರ್ಕಾರವೇ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ದೇಶದ ಒಂದು ಕೃಷಿ ಕುಟುಂಬದ ಮೇಲೆ ಸರಾಸರಿ 74,121 ರೂಪಾಯಿ ಸಾಲವಿತ್ತು. ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು ಬರೀ 3,798. ಕೂಲಿಯಿಂದ ಬಂದದ್ದು ಅದಕ್ಕಿಂತ ಜಾಸ್ತಿ, 4,063. ಈ ಕುಟುಂಬ ಇಡೀ ವರ್ಷ ಹೊಸ ಬಟ್ಟೆಯನ್ನೇ ಮುಟ್ಟದೆ, ಹಳೇದನ್ನೇ ಕೊಂಡು 3,000 ರೂಪಾಯಿ ಉಳಿಸಿತು ಅಂತ ಇಟ್ಟುಕೊಳ್ಳಿ. ಶೇಕಡಾ 7ರಂತೆ ಹಿಡಿದರೂ ಆ ಸಾಲದ ಬಡ್ಡಿ ವರ್ಷಕ್ಕೆ 5,188 ರೂಪಾಯಿ ಆಗುತ್ತದೆ. ಹಳೇ ಅಂಗಿ ತೊಟ್ಟು ಉಳಿಸಿದ ದುಡ್ಡು ಅಸಲಿಗಿರಲಿ, ಬಡ್ಡಿಗೇ ಸಾಲಲಿಲ್ಲ. ಕೈಸಾಲದ ಬಡ್ಡಿಯ ಮಾತು ಬೇರೆ.

ಇನ್ನೊಂದು ಲೆಕ್ಕ. 2025-26ರಲ್ಲಿ ರಾಗಿಗೆ ಸರ್ಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಖರೀದಿ ಕೇಂದ್ರ ತೆರೆಯುವ ತನಕ ಕಾಯಲಾಗದ ರೈತ, ಸಾಲಗಾರ ಬಾಗಿಲಲ್ಲಿ ನಿಂತಿದ್ದಾನೆ ಅಂತ, ಕಣದಲ್ಲೇ ಸಾವಿರ ರೂಪಾಯಿ ಕಡಿಮೆಗೆ ಹತ್ತು ಕ್ವಿಂಟಾಲ್ ಅಳೆದುಕೊಟ್ಟರೆ ಹತ್ತು ಸಾವಿರ ಹೋಯಿತು. ಮೂರು ವರ್ಷ ಬಟ್ಟೆಯಲ್ಲಿ ಉಳಿಸಿದ್ದು ಒಂದೇ ಸುಗ್ಗಿಯಲ್ಲಿ ಮುಳುಗಿತು. ತಳದಲ್ಲಿ ತೂತಿರುವ ಕೊಡಕ್ಕೆ ಹನಿ ಹನಿ ನೀರು ತುಂಬಿಸು ಅನ್ನುವುದು ಯಾವ ನ್ಯಾಯ?

ಜಯನಗರದಲ್ಲಿ ಸಂಬಳದ ಮೇಲಿರುವ ಮನೆಯ ಲೆಕ್ಕ ಹೀಗಿಲ್ಲ. ಸರ್ಕಾರಿ ನೌಕರನಿಗೆ ಬೆಲೆ ಏರಿದಂತೆ ವರ್ಷಕ್ಕೆರಡು ಸಲ ತುಟ್ಟಿಭತ್ಯೆ ಪರಿಷ್ಕಾರವಾಗುತ್ತದೆ. ಅವನ ಕೊಡಕ್ಕೆ ತಳವಿದೆ, ಆದ್ದರಿಂದ ಉಳಿಸಿದ್ದು ಉಳಿಯುತ್ತದೆ. ಅವನು ಹಳೇ ಅಂಗಿ ಕೊಂಡರೆ ಅದು ಅವನ ಇಷ್ಟ. ರೈತ ಕೊಂಡರೆ ಅದು ಅವನ ಗತಿ.

ಈಗ ಆ ಇನ್ನೂರು ರೂಪಾಯಿಯ ಅಂಗಿಯನ್ನೇ ಬಿಚ್ಚಿ ನೋಡೋಣ. ಒಂದು ಹತ್ತಿ ಅಂಗಿಗೆ ನೂಲು, ಕತ್ತರಿಸಿದ ಚೂರು, ಗಿರಣಿಯ ನಷ್ಟ ಎಲ್ಲ ಸೇರಿಸಿ ಬೀಜ ಸಮೇತ ಒಂದು ಕಿಲೋ ಹತ್ತಿ ಬೇಕು ಅಂತ ಧಾರಾಳವಾಗಿಯೇ ಹಿಡಿಯಿರಿ. 2025-26ರಲ್ಲಿ ಉದ್ದ ಎಳೆಯ ಹತ್ತಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 8,110 ರೂಪಾಯಿ. ಅಂದರೆ ಕಿಲೋಗೆ 81. ರಾಯಚೂರು, ಹಾವೇರಿಯ ರೈತನಿಗೆ ಪೂರಾ ಬೆಂಬಲ ಬೆಲೆ ಸಿಕ್ಕರೂ ಇಷ್ಟೇ. ಅಂಗಿ ಹೊಸದಾಗಿ ಸಾವಿರಕ್ಕೆ ಮಾರಾಟವಾಯಿತು, ಹಳೇದಾಗಿ ಇನ್ನೂರಕ್ಕೆ ಮತ್ತೆ ಮಾರಾಟವಾಯಿತು, ಚಿಂದಿಯಾಗಿ ಗುಜರಿಗೆ ಮೂರನೇ ಸಲ ಮಾರಾಟವಾಯಿತು. ಮೂರು ಸಲವೂ ಯಾರ್‍ಯಾರಿಗೋ ಕಾಸು ಹುಟ್ಟಿತು. ಬೆಳೆದವನಿಗೆ ಒಂದೇ ಸಲ, ಅದೂ ಎಂಬತ್ತೊಂದು ರೂಪಾಯಿ. ಅದರಲ್ಲೇ ಬೀಜ, ಗೊಬ್ಬರ, ಔಷಧಿ, ಬಿಡಿಸುವ ಕೂಲಿ ಎಲ್ಲ ಕಳೆಯಬೇಕು.

ಅಷ್ಟೂ ಜಾಸ್ತಿಯಾಯಿತು ಅಂತ ಕಂಡಿತೋ ಏನೋ, 2025ರ ಆಗಸ್ಟ್ 19ರಿಂದ ಡಿಸೆಂಬರ್ 31ರ ತನಕ ಹೊರದೇಶದ ಹತ್ತಿಯ ಮೇಲಿದ್ದ ಶೇಕಡಾ 11ರ ಆಮದು ಸುಂಕವನ್ನು ಕೇಂದ್ರ ಸರ್ಕಾರ ತೆಗೆದುಹಾಕಿತು. ನಮ್ಮ ಹೊಸ ಹತ್ತಿ ಪೇಟೆಗೆ ಬರುವ ಹೊತ್ತು ಅದು! ಗಿರಣಿಗೆ ಹತ್ತಿ ಅಗ್ಗವಾಗಬೇಕಂತೆ. ಗಿರಣಿಯವರಿಗೆ ಕಷ್ಟ ಬಂದರೆ ಸುಂಕ ಇಳಿಸುತ್ತಾರೆ, ರೈತನಿಗೆ ಕಷ್ಟ ಬಂದರೆ ಖರ್ಚು ಇಳಿಸು ಅನ್ನುತ್ತಾರೆ. ಒಂದು ಅಂಗಿಗೆ 2,700 ಲೀಟರ್ ನೀರು ಬೇಕು, ಆದ್ದರಿಂದ ಹಳೇದನ್ನೇ ತೊಡಿ ಅಂತ ಪರಿಸರದವರು ಲೆಕ್ಕ ಹೇಳುತ್ತಾರೆ. ನೀರನ್ನು ಲೀಟರಿನಲ್ಲಿ ಅಳೆದವರು ಬೆವರಿನ ಬೆಲೆಯನ್ನೂ ಒಂದು ಸಲ ಅಳೆಯಬೇಕಲ್ಲವೇ?

ಅಂಗಿ ಹೊಲಿದವರ ಕಥೆ ಕೇಳಿ. ಬಿ.ಟಿ.ಎಂ. ಅಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಯ ಹೆಸರನ್ನೂ ಉಳಿತಾಯ ಮಾಡಿ ಮೂರಕ್ಷರಕ್ಕೆ ಇಳಿಸಿದ್ದಾರೆ! ಅಲ್ಲಿಂದ ಹೊಸೂರು ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಬೊಮ್ಮನಹಳ್ಳಿ. 2016ರ ಏಪ್ರಿಲ್ 18ರಂದು ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಕೇಳಿದ್ದು ಏನು? ತಮ್ಮದೇ ಉಳಿತಾಯ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಬಾರದು ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಊರಿನ ಸಾಲ, ಮಗಳ ಮದುವೆ, ಮಗನ ಓದು ಎಲ್ಲಕ್ಕೂ ಅದೇ ದುಡ್ಡು ಅಂತ ನಂಬಿಕೊಂಡವರು ಅವರು. ಲಾಠಿ ಏಟು ತಿಂದರು, ಮೊಕದ್ದಮೆ ಹಾಕಿಸಿಕೊಂಡರು. ಮರುದಿನ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಉಳಿತಾಯ ಮಾಡಿ ಅಂತ ಬಡವರಿಗೆ ಹೇಳುವವರೇ, ಬಡವರು ಉಳಿಸಿದ್ದಕ್ಕೆ ಬೀಗ ಹಾಕಲು ಹೊರಟಿದ್ದರು. ಬೀಗ ತೆಗೆಸಿದ್ದು ಮಿತವ್ಯಯವಲ್ಲ, ಒಗ್ಗಟ್ಟು.

ರೈತ ದುಂದುಗಾರ ಅನ್ನುವ ಆರೋಪ ಇವತ್ತಿನದಲ್ಲ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರ ಕಿತ್ತು ಸುಟ್ಟರು. ಆಗ ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗವೇ, ಮದುವೆ ಹಬ್ಬದ ಖರ್ಚಿಗೆ ಜನ ವಿಪರೀತ ಮಹತ್ವ ಕೊಟ್ಟಿದ್ದಾರೆ, ರೈತನ ಸಾಲದ ಬುಡ ಅದಲ್ಲ ಅನ್ನುವ ತೀರ್ಮಾನಕ್ಕೆ ಬಂದಿತು. ಬಿಳಿಯರಿಗೆ ಅರ್ಥವಾದದ್ದು ನಮ್ಮವರಿಗೆ ನೂರೈವತ್ತು ವರ್ಷವಾದರೂ ಅರ್ಥವಾಗಿಲ್ಲ. ಅಥವಾ ಅರ್ಥವಾಗಿಯೂ ಹೇಳುವ ಮನಸ್ಸಿಲ್ಲ.

ಜಯನಗರದ ಸಹೋದರ ಸಹೋದರಿಯರಿಗೂ ಒಂದು ಮಾತು. ಹಳೇ ಅಂಗಿಯಲ್ಲಿ ಎಂಟುನೂರು ಉಳಿಸಿದ ಸಂತೋಷದಲ್ಲಿ, ದಾರಿಯಲ್ಲಿ ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡಬೇಡಿ. ಅಂಗಿ ಎರಡು ಸಲ ಬಾಳುತ್ತದೆ. ಸೊಪ್ಪು ಸಂಜೆಗೇ ಬಾಡುತ್ತದೆ. ಬಾಡುವ ಮಾಲು ಹಿಡಿದು ಕೂತವರ ಜೊತೆ ಚೌಕಾಸಿ ಮಾಡುವುದು ಮಿತವ್ಯಯವಲ್ಲ, ಅವರ ಜೇಬಿನಿಂದ ನಿಮ್ಮ ಜೇಬಿಗೆ ವರ್ಗಾವಣೆ.

ನಮ್ಮ ರೈತರು ಮಾಡಬೇಕಾದ ಕೆಲಸ ಒಂದುಂಟು. ಮನೆಯಲ್ಲಿ ಲೆಕ್ಕದ ಪುಸ್ತಕ ಇಡಿ. ಅದರಲ್ಲಿ ಎರಡು ಕಲಂ ಸಾಲದು, ಮೂರು ಬೇಕು. ಖರ್ಚಾದದ್ದು ಒಂದು, ಕೈಗೆ ಬಂದದ್ದು ಇನ್ನೊಂದು. ಮೂರನೆಯದು, ಸರ್ಕಾರವೇ ಸಾರಿದ ಬೆಲೆಗೆ ಮಾರಿದ್ದರೆ ಎಷ್ಟು ಬರಬೇಕಿತ್ತು ಅನ್ನುವುದು. ಪ್ರತಿ ಸುಗ್ಗಿಗೂ ಬರೆಯಿರಿ, ಅಂಗಡಿಯವನ ಚೀಟಿ ಕೂಡ ಕಳೆಯದೆ ಇಡಿ. ಮುಂದಿನ ಸಲ ಮಿತವ್ಯಯದ ಭಾಷಣ ಮಾಡುವ ಅಧಿಕಾರಿ ಊರಿಗೆ ಬಂದಾಗ, ಗ್ರಾಮಸಭೆಯಲ್ಲಿ ಹತ್ತು ಮನೆಯ ಪುಸ್ತಕ ಮೇಜಿನ ಮೇಲಿಟ್ಟು ಕೇಳಿ: “ಎರಡನೇ ಕಲಮಿಗೂ ಮೂರನೇ ಕಲಮಿಗೂ ನಡುವೆ ಇರುವ ದುಡ್ಡು ಯಾರ ಉಳಿತಾಯ ಸ್ವಾಮಿ?” ಅದಕ್ಕೆ ಉತ್ತರ ಕೊಟ್ಟ ಮೇಲೆ ನಮ್ಮ ಅಂಗಿಯ ವಿಚಾರ ಮಾತಾಡಲಿ.